ಪೂಜೆ ಮಾಡಿಸಿಕೊಂಡ ತಾಳದ ಪೆಟ್ಟಿಗೆ

ಆಗ ನನಗೆ ಅರವತ್ತೊಂದು ವರ್ಷ; ಈಗ್ಗೆ ಏಳು ವರ್ಷದ ಹಿಂದಿನ ಮಾತು. ಚಂದಕವಾಡಿಯ ನಮ್ಮ ಹೆಂಗಸರ ಭಜನೆ ಗುಂಪಿಗೆ ಕರೆಂಟಿನ ತಾಳದ ಪೆಟ್ಟಿಗೆ ತಂದಿದ್ದೆವು. ಗುಂಡಿ ತಿರುಗಿಸಿದರೆ ತಬಲಾ ತಾನೇ ನುಡಿಯುತ್ತದೆ. ತಬಲಾದವನಿಗಾಗಿ ಕಾದು ಕೂರುವ ಕಾಟ ತಪ್ಪಿತು. ಆದರೆ ಗುಂಡಿಗಳ ಕೆಳಗೆ ಇದ್ದದ್ದೆಲ್ಲ ಇಂಗ್ಲಿಷು. ನಾನು ಕನ್ನಡವನ್ನೇ ಕೂಡಿಸಿ ಕೂಡಿಸಿ ಓದುವವಳು.

ಪೆಟ್ಟಿಗೆ ನನ್ನ ವಶದಲ್ಲಿತ್ತು. ಸದ್ದಿನ ಗುಂಡಿಗೆ ಅರಿಶಿನ, ವೇಗದ್ದಕ್ಕೆ ಕುಂಕುಮ, ಶ್ರುತಿಯದ್ದಕ್ಕೆ ವಿಭೂತಿ ಹಚ್ಚಿದೆ. ಎಲ್ಲಿಯವರೆಗೆ ತಿರುಗಿಸಬೇಕೋ ಅಲ್ಲಿ ಪೆಟ್ಟಿಗೆಯ ಮೇಲೂ ಅದೇ ಬಣ್ಣದ ಬೊಟ್ಟು. ಬೊಟ್ಟಿಗೆ ಬೊಟ್ಟು ಕೂಡಿಸಿದರೆ ಮುಗಿಯಿತು.

ನನ್ನ ಮೈದುನನಿಗೆ ಇದು ಸರಿಬೀಳಲಿಲ್ಲ. ಅವನು ಚಾಮರಾಜನಗರದ ಆಫೀಸಿನಲ್ಲಿದ್ದು ರಿಟೈರ್ ಆದವನು. “ಓದಾಕ್ ಬರ್ದೆ ಇದ್ಯಾಕತ್ಗೆ ನಿಂಗೆ? ಕೊಡು, ನಾನ್ ನೋಡ್ಕತೀನಿ,” ಎನ್ನುತ್ತಿದ್ದ. ಗುಂಪಿನಲ್ಲೂ ಕೆಲವರು ಅವನ ಕಡೆ ವಾಲಿದರು. ಗುಂಡ್ಲುಪೇಟೆಯಲ್ಲಿ ಹಾಡುವುದಿದೆ, ಅಲ್ಲಿ ತಾಳ ಕೆಟ್ಟರೆ ಪೆಟ್ಟಿಗೆ ಅವನಿಗೆ ಎಂದು ತೀರ್ಮಾನವಾಯಿತು. ನನಗೆ ಕೊಡಲು ಮನಸ್ಸಿರಲಿಲ್ಲ. ಹಾಡಲು ಗಂಟಲಿಲ್ಲದವಳು ನಾನು; ಪೆಟ್ಟಿಗೆಯೂ ಹೋದರೆ ಗುಂಪಿನಲ್ಲಿ ನನಗೇನು ಕೆಲಸ?

ಹಾಡುವುದಿದ್ದದ್ದು ಆಯುಧಪೂಜೆಯ ದಿನ ಸಂಜೆ. ಗುಂಡ್ಲುಪೇಟೆಯಲ್ಲಿ ಜಮಖಾನದ ಮೇಲೆ ಕೂತು ಚೀಲ ಬಿಚ್ಚಿದರೆ, ಪೆಟ್ಟಿಗೆ ಮದುವಣಗಿತ್ತಿಯಂತಿತ್ತು. ಬೆಳಿಗ್ಗೆ ನನ್ನ ಸೊಸೆ ಕುಡುಗೋಲು, ಸ್ಕೂಟರು, ಮಿಕ್ಸಿಯ ಜೊತೆ ಇದನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ, ಭೇದವಿಲ್ಲದೆ ಎಲ್ಲ ಗುಂಡಿಗೂ ವಿಭೂತಿ ಎಳೆದು ಅರಿಶಿನ ಕುಂಕುಮ ಇಟ್ಟು, ತಾನೇ ಚೀಲಕ್ಕೆ ಹಾಕಿದ್ದಳು. ನನ್ನ ಗುರುತು ಒಂದೂ ಉಳಿದಿರಲಿಲ್ಲ.

ಅಂದಾಜಿನಲ್ಲಿ ತಿರುಗಿಸಿದೆ. ನಾಯಿ ಅಟ್ಟಿಸಿಕೊಂಡು ಬಂದ ಹಾಗೆ ತಬಲಾ ಓಡಿತು. ಹಾಡುತ್ತಿದ್ದ ನಮ್ಮ ಪಕ್ಕದ ಮನೆಯವಳು ಅದರ ಹಿಂದೆ ಬಿದ್ದು ಏದುಸಿರು ಬಿಟ್ಟಳು.

“ಯಾಕಕ್ಕ, ಬಸ್ಸು ತಪ್ಪೋಯ್ತದಾ?” ಎಂದಳು.

ಕೂತವರೆಲ್ಲ ನಕ್ಕರು. ನಾನೂ ನಕ್ಕೆ. ಪೆಟ್ಟಿಗೆ ಕೈತಪ್ಪಿತು ಎಂದುಕೊಂಡೆ.

ನಮ್ಮ ಜೊತೆ ವ್ಯಾನಿನಲ್ಲಿ ಬಂದಿದ್ದ ಮೈದುನ ಎದ್ದು ಬಂದ. ಕನ್ನಡಕ ಏರಿಸಿ, ಗುಂಡಿಗಳ ಕೆಳಗೆ ಉದುರಿದ್ದ ವಿಭೂತಿ ಒರೆಸಿ ಓದಿದ. “ಇದು ವೇಗ. ಇದು ಶ್ರುತಿ.”

“ಸರಿ. ಎಲ್ಲಿಗಂಟ ತಿರುಗಿಸ್ಲಿ?”

ಅವನು ಇನ್ನೊಂದು ಸಲ ಬಗ್ಗಿ ನೋಡಿದ. “ಅದ ಬರ್ದಿಲ್ವಲ್ಲತ್ಗೆ.”

“ಅದ್ಕೇ ಕಣಪ್ಪ ನಾನ್ ಬೊಟ್ಟು ಇಕ್ಕಿದ್ದು.”

ತಾಳವಿಲ್ಲದೆ ಒಂದು ಸಾಲು ಹಾಡು ಎಂದು ಪಕ್ಕದ ಮನೆಯವಳಿಗೆ ಹೇಳಿದೆ. ಅವಳು ಹಾಡಿದಳು, ಮೈದುನ ಗುಂಡಿ ತೋರಿಸಿದ, ಅವಳ ಗಂಟಲಿಗೆ ಕೂಡುವವರೆಗೆ ನಾನು ತಿರುಗಿಸಿದೆ. ಆಮೇಲೆ ಭಜನೆ ಚೆನ್ನಾಗಿಯೇ ನಡೆಯಿತು.

ವ್ಯಾನಿನಲ್ಲಿ ವಾಪಸ್ ಬರುವಾಗ ಪೆಟ್ಟಿಗೆ ಇನ್ನು ಯಾರ ಹತ್ತಿರ ಎಂಬ ಮಾತು ಎದ್ದಿತು. ಮೈದುನನೇ ಅದನ್ನೆತ್ತಿ ನನ್ನ ತೊಡೆಯ ಮೇಲಿಟ್ಟ.

“ನಿನ್ ತಾವೇ ಇರ್ಲಿ ಬುಡು. ಓದೋದಿದ್ರೆ ಕೂಗು.”

ದಾರಿಯುದ್ದಕ್ಕೂ ಗುಂಡಿ ಅಲುಗದ ಹಾಗೆ ಹಿಡಿದುಕೊಂಡು ಬಂದೆ. ಮಾರನೆಯ ಬೆಳಿಗ್ಗೆ ಗೋಣಿ ಹೊಲಿಯುವ ದಬ್ಬಳವನ್ನು ಒಲೆಯಲ್ಲಿ ಕಾಯಿಸಿ, ಗುಂಡಿಗಳು ನಿಂತಿದ್ದ ಜಾಗದಲ್ಲೇ ಪ್ಲಾಸ್ಟಿಕ್ಕಿಗೆ ಚುಕ್ಕಿ ಸುಡತೊಡಗಿದೆ. ಕಮರು ವಾಸನೆಗೆ ಸೊಸೆ ಓಡಿ ಬಂದಳು.

“ಬರೋ ವರ್ಸ ಇದ್ಕೆ ಪೂಜೆ ಬ್ಯಾಡ್ವಾ ಅತ್ತೆ?”

“ಮಾಡು, ಯಾರ್ ಬ್ಯಾಡ ಅಂದೋರು,” ಎಂದು ದಬ್ಬಳವನ್ನು ಮತ್ತೆ ಒಲೆಗಿಟ್ಟೆ.