ಒಳಗೆ ಎಸೆದ ಕೀಲಿಕೈ

ಗ್ರಿಲ್ ಬಾಗಿಲ ಸಂದಿಯಿಂದ ಹಾರಿ ಬಂದ ಕೀಲಿಕೈ ನನ್ನ ಕಾಲ ಬಳಿ ಬಿತ್ತು. ತಲೆಯೆತ್ತಿ ನೋಡಿದರೆ, ಖಾನಾಪುರದ ನಮ್ಮ ಬಂಗಾರದ ಅಂಗಡಿಯ ಕಾವಲುಗಾರ ದಸ್ತಗೀರ ಚಾಚಾ ಹೊರಗಿನಿಂದ ಬಾಗಿಲಿಗೆ ಕೀಲಿ ಹಾಕಿ, ಅದಕ್ಕೇ ಬೆನ್ನು ಕೊಟ್ಟು ನಿಂತಿದ್ದರು. ಎದುರಿಗೆ ಬೈಕಿನಿಂದ ಇಳಿದ ಇಬ್ಬರು, ಕೈಯಲ್ಲಿ ಮಚ್ಚು.

“ಏ ಮುದುಕಾ, ಕೀಲಿಕೈ ತಾ!” ಒಬ್ಬ ಅವರ ಕುತ್ತಿಗೆಗೇ ಮಚ್ಚು ಹಿಡಿದ.

“ಒಳಗ ಒಗದೀನಪಾ. ನನ್ನ ಕಡದ್ರೂ ಬಾಗಲಾ ತಗಿಯಾಕ ಆಗೂದಿಲ್ಲ,” ಎಂದರು ಚಾಚಾ, ಯಾರಿಗೋ ಬಸ್ಸಿನ ಹೊತ್ತು ಹೇಳುವಷ್ಟು ಸಮಾಧಾನದಿಂದ.

ನಾನು ಸೈರನ್ ಒತ್ತಿದೆ. ಪೇಟೆಯ ಜನ ಓಡಿ ಬರುವುದನ್ನು ಕಂಡು ಇಬ್ಬರೂ ಬೈಕ್ ಹತ್ತಿ ಪರಾರಿಯಾದರು.

ದಿನಾ ಬೆಳಿಗ್ಗೆ ಮಾಲೀಕರು ಊದಿನಕಡ್ಡಿ ಹಚ್ಚುತ್ತಿದ್ದಂತೆ ಚಾಚಾ ಗ್ರಿಲ್ ಎಳೆದು, ಕೀಲಿ ಹಾಕಿ, ಕೀಲಿಕೈಯನ್ನು ಒಮ್ಮೆ ಒಳಗೆ ಎಸೆಯುತ್ತಿದ್ದರು. ಅದೇನೋ ಅವರ ಹರಕೆಯಿರಬೇಕೆಂದು ಅಂಗಡಿಯ ಕೆಲಸದವರಾದ ನಾವು ಐದು ಜನ ಬೆನ್ನ ಹಿಂದೆ ನಗುತ್ತಿದ್ದೆವು. ಅದು ತಾಲೀಮು ಎಂಬುದು ಅವತ್ತು ತಿಳಿಯಿತು.

ಮರುದಿನ ಊದಿನಕಡ್ಡಿ ಹಚ್ಚುವ ಹೊತ್ತಿಗೆ ಚಾಚಾ ಮತ್ತೆ ಕೀಲಿಕೈ ಎಸೆದರು. ಈ ಸಲ ಒಳಗೆ ನಾವು ಐದೂ ಜನ ಕೈಯೊಡ್ಡಿ ನಿಂತಿದ್ದೆವು.

– ಸುಮಂಗಲಾ, ವಡಗಾವಿ, ಬೆಳಗಾವಿ