ಕಾಗೆಯ ಮುಂದೆ ಮಿಮಿಕ್ರಿ

ನಾನು ಮಿಮಿಕ್ರಿ ಮಾಡೋನು. ಸಿನಿಮಾದಲ್ಲೂ ಎರಡು ಸಲ ಪೊಲೀಸ್ ಪೇದೆ ಆಗಿದ್ದೀನಿ. ಎರಡು ಸಲವೂ ಹೀರೋ ಕೈಲಿ ಒದೆ ತಿಂದಿದ್ದೀನಿ. ಅಷ್ಟು ದೊಡ್ಡ ಕಲಾವಿದ.

ಹೆಂಡತಿ ತೀರಿಕೊಂಡ ಹನ್ನೊಂದನೇ ದಿನ ಹಿರಿಯೂರಿಗೆ ಹೋಗಿ, ವೇದಾವತಿ ದಡದಲ್ಲಿ ಅವಳಿಗೆ ಎಡೆ ಇಟ್ಟೆವು. ಕಾಗೆ ಬಂದು ಮುಟ್ಟಬೇಕು. ಮುಟ್ಟದಿದ್ದರೆ ಸತ್ತವರಿಗೆ ಏನೋ ಆಸೆ ಉಳಿದಿದೆ ಅಂತ ಅರ್ಥ. ಒಂದು ಗಂಟೆಯಾದರೂ ಕಾಗೆ ಮರದಿಂದ ಇಳಿಯಲಿಲ್ಲ. ನೆಂಟರೆಲ್ಲ ನನ್ನ ಮುಖ ನೋಡತೊಡಗಿದರು, ಆ ಆಸೆಯನ್ನ ನಾನೇ ಜೇಬಲ್ಲಿ ಬಚ್ಚಿಟ್ಟುಕೊಂಡಿರೋ ಹಾಗೆ.

ಪಕ್ಕದಲ್ಲಿ ತನ್ನ ಅಪ್ಪನಿಗೆ ಎಡೆ ಇಟ್ಟು ಕಾಯುತ್ತಿದ್ದವನೊಬ್ಬ ನನ್ನ ಗುರುತು ಹಿಡಿದ.

"ಅಣ್ಣಾ, ಟೀವೀಲಿ ಬರ್ತೀರಲ್ಲ ನೀವು! ನೂರು ದನಿ ತೆಗೀತೀರಿ, ಒಂದು ಕಾಗೆ ಕೂಗ್ರಿ ಮತ್ತೆ."

"ಇಲ್ಲಿ ಬ್ಯಾಡಪ್ಪ."

"ಯಾಕ್ರಿ, ಮೈಕ್ ಬೇಕೇನು?"

ನನ್ನ ಭಾಮೈದನೂ ಮೆಲ್ಲಗೆ ಅಂದ: "ಕೂಗು ಭಾವ. ಅಕ್ಕ ಹಸ್ಕೊಂಡಿರ್ತಾಳೆ."

ಆ ಮಾತಿಗೆ ಕೂಗಿದೆ. ಕಾಗೆ ಇಳಿದು ಬಂತು, ಪಕ್ಕದವನ ಎಲೆಗೆ. ಅವನು ಕೈ ಮುಗಿದು, "ನಮ್ಮಪ್ಪನೂ ನಿಮ್ಮ ಅಭಿಮಾನಿನೇ ಕಣ್ರಿ" ಅಂತ ನನ್ನ ಜೊತೆ ಸೆಲ್ಫಿ ಹೊಡ್ಕೊಂಡ. ಬೋಳು ತಲೆ ಎರಡೂ ಚೆನ್ನಾಗಿ ಬಂದವಂತೆ.

ಮತ್ತೆ ಕೂಗಿದೆ. ಮೂರು ಥರ ಕೂಗಿದೆ. ಅವಳ ಎಲೆ ಇಟ್ಟ ಹಾಗೇ ಇತ್ತು. ಗಂಟಲು ಕಟ್ಟಿತು. ಕಲ್ಲಿನ ಮೇಲೆ ಸುಮ್ಮನೆ ಕುಂತೆ. ಆಗ ಒಂದು ಕಾಗೆ ತಾನಾಗಿ ಬಂದು, ಸಾವಕಾಶವಾಗಿ ತಿಂತು.

ಅವಳು ಮನೇಲೂ ಹಂಗೇ. ನಾನು ಬಾಯಿ ಮುಚ್ಚಿದ ಮೇಲೇ ಉಣ್ಣೋಕೆ ಕೂರ್ತಿದ್ದಳು.