ತಾರಸಿಯ ಮೇಲೆ ಇಲ್ಲದ ಗೂಡು

ಇಲ್ಲದ ಹಕ್ಕಿಯೊಂದು ಕಟ್ಟದ ಗೂಡಿನಲ್ಲಿ ಇಡದ ಮೊಟ್ಟೆಯಿಂದಾಗಿ ವಿಜಯವಾಡದ ಒಂದು ಮನೆಯಲ್ಲಿ ಮೂರು ವಾರ ದೀಪ ಸರಿಯಾಗಿ ಉರಿಯಲಿಲ್ಲ.

ತಪ್ಪು ಹಕ್ಕಿಯದಲ್ಲ. ನನ್ನದು.

ಎರಡು ವಾರದ ಹಿಂದೆ ಇದೇ ಜಾಗದಲ್ಲಿ ನಾನು ಸೋಲಾರ್ ದೀಪಗಳ ಮೇಲೆ ಹರಿಹಾಯ್ದದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. (ನನಗೆ ಅಷ್ಟಾಗಿ ನೆನಪಿಲ್ಲ. ಕತ್ತರಿಸಿಟ್ಟ ಪೇಪರ್ ಮುಂದಿಟ್ಟುಕೊಂಡೇ ಬರೆಯುತ್ತಿದ್ದೇನೆ.) ಕಲರ್ ಟೀವಿಯ ಬೆಲೆ ಕೊಟ್ಟು ನಾಲ್ಕು ದೀಪ ತಂದು, ಅವು ಒಂದೊಂದಾಗಿ ಕಣ್ಣು ಮುಚ್ಚುವುದನ್ನು ನೋಡುತ್ತ ಕೂರುವ ಸುಖದ ಬಗ್ಗೆ ಉದ್ದಕ್ಕೆ ಬರೆದಿದ್ದೆ. ಸಂಬಂಧಿಕರೊಬ್ಬರ ಮನೆಯ ಉದಾಹರಣೆಯನ್ನೂ ಕೊಟ್ಟಿದ್ದೆ. ಭೇಷ್ ಎಂದು ಕಾಗದ ಬರೆದವರೂ ಇದ್ದಾರೆ. ದಯವಿಟ್ಟು ನೀವು ಆ ಭೇಷ್ ವಾಪಸ್ ತಗೊಳ್ಳಿ, ನಾನು ಲೇಖನ ವಾಪಸ್ ತಗೊಳ್ಳುತ್ತೇನೆ.

ಹೊಸದಾಗಿ ಓದುತ್ತಿರುವವರಿಗೆ ಒಂದು ಮಾತು. ನಾನು ತುಮಕೂರಿನ ಕಡೆಯವನು. ಕೆಲಸ ವಿಶಾಖಪಟ್ಟಣದ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ, ಬಾಡಿಗೆ ಮನೆ ಎಂವಿಪಿ ಕಾಲೋನಿಯಲ್ಲಿ. ಹೆಂಡತಿ ಸರಳ ವಿಜಯವಾಡದ ತೆಲುಗಿನವಳು. ಅವಳ ಅಕ್ಕನ ಮನೆ ಅಲ್ಲೇ ಭವಾನಿಪುರಂನಲ್ಲಿ. ನಮ್ಮಲ್ಲಿ ಅತ್ತಿಗೆ ಎನ್ನುವುದಕ್ಕೆ ಅಲ್ಲಿ ‘ವದಿನ’ ಎನ್ನುತ್ತಾರೆ. ಅವರಿಗೆ ನಾನು ‘ಮರಿದಿಗಾರು’, ಅಂದರೆ ಮೈದುನ. ಎಂ.ಎಸ್‌ಸಿ. ಫಿಜಿಕ್ಸ್ ಮಾಡಿದ ಮೈದುನನಾದ್ದರಿಂದ ಗೌರವದ ಆ ‘ಗಾರು’ ಸ್ವಲ್ಪ ಒತ್ತಿಯೇ ಬರುತ್ತದೆ.

ವದಿನ ಮಂಗಳಗಿರಿ ಸೀರೆಗಳ ಸೆರಗಿಗೆ ಕುಚ್ಚು ಕಟ್ಟುತ್ತಾರೆ. ಅಂಗಡಿಯವರು ಸೀರೆಯ ಗಂಟು ಕಳಿಸುತ್ತಾರೆ, ಇವರು ಕಟ್ಟಿ ವಾಪಸ್ ಕಳಿಸಬೇಕು. ಹಗಲೆಲ್ಲ ಮನೆಗೆಲಸ. ಸಂಜೆ ಆರಕ್ಕೆ ಕಾಲು ಚಾಚಿ, ಸೆರಗನ್ನು ಮಂಡಿಯ ಮೇಲೆ ಎಳೆದುಕೊಂಡು ಕೂತರೆ ಸರಿಯಾಗಿ ಅದೇ ಹೊತ್ತಿಗೆ ಕರೆಂಟ್ ಹೋಗುತ್ತದೆ. ಎಂಟಕ್ಕೆ ಬರುತ್ತದೆ, ಮನಸ್ಸಿದ್ದರೆ. ಕ್ಯಾಂಡಲ್ ಹಚ್ಚಿದರೆ ಮೇಣ ಸೀರೆಗೆ. ಸೀಮೆಣ್ಣೆ ದೀಪವಾದರೆ ಮಸಿ ಸೀರೆಗೆ. ಎದುರಿಗೆ ಮದುವೆಯ ಸೀಸನ್. ಹೇಳಿದ ದಿನಕ್ಕೆ ಗಂಟು ಹೋಗದಿದ್ದರೆ ಮುಂದಿನ ಗಂಟು ಇನ್ನೊಬ್ಬರ ಮನೆಗೆ.

ಹಾಗಾಗಿ ವದಿನ ಸೋಲಾರ್ ದೀಪ ಹಾಕಿಸುತ್ತೇನೆ ಎಂದರು. ತಾರಸಿಯ ಮೇಲೆ ಒಂದು ಫಲಕ, ಒಳಗೊಂದು ಬ್ಯಾಟರಿ, ನಾಲ್ಕು ದೀಪ. ನಾನು ಫೋನಿನಲ್ಲೇ ತಕರಾರು ತೆಗೆದೆ. (ಮಾತೆಲ್ಲ ತೆಲುಗಿನಲ್ಲಿ ನಡೆದದ್ದು. ನಿಮಗಾಗಿ ಕನ್ನಡ ಮಾಡಿದ್ದೇನೆ.)

“ವದಿನಾ, ಹಾಕಿದ ದುಡ್ಡು ಎಷ್ಟು ವರ್ಷಕ್ಕೆ ವಾಪಸ್ ಬರುತ್ತೆ ಅಂತ ಯೋಚನೆ ಮಾಡಿದೀರಾ?”

“ನಿಮ್ಮ ಸ್ಕೂಟರು ಎಷ್ಟು ವರ್ಷಕ್ಕೆ ವಾಪಸ್ ಕೊಟ್ಟಿತು ಮರಿದಿಗಾರು?”

ನೀವೂ ಯೋಚಿಸಿ. ಫ್ರಿಜ್ ಕೊಳ್ಳುವಾಗ ನಾವು ಈ ಪ್ರಶ್ನೆ ಕೇಳುತ್ತೇವೆಯೇ? ಮಗಳ ಮದುವೆಗೆ ಸೋಫಾ ಕೊಡಿಸುವಾಗ? ಬೆಳಕನ್ನು ಮಾತ್ರ ನಿಲ್ಲಿಸಿಕೊಂಡು, ‘ನೀನು ಯಾವಾಗ ಲಾಭ ಕೊಡುತ್ತೀಯ’ ಎಂದು ದಬಾಯಿಸುತ್ತೇವೆ. ಅದೂ ಸಂಜೆ ಹೊತ್ತು ಮನೆಯಲ್ಲಿ ಕೆಲಸ ಮಾಡುವವರು ಕೊಳ್ಳುವ ಬೆಳಕನ್ನು.

ಇಷ್ಟಾದರೂ ವದಿನ ಒಂದು ಜವಾಬ್ದಾರಿಯನ್ನು ನನಗೇ ಕೊಟ್ಟರು. ಕಂಪನಿಯವರು ಫಲಕ ಎಲ್ಲಿಡಬೇಕು ಎಂದು ತಾರಸಿ ನೋಡಲು ಬರುತ್ತಾರೆ, ಓದಿದವರು ಒಬ್ಬರು ಪಕ್ಕದಲ್ಲಿರಲಿ ಎಂದು. ಹೋದೆ. ನನ್ನ ಜೊತೆ ನನ್ನ ನೋಟ್ ಪುಸ್ತಕವೂ ಬಂತು.

ಈ ಪುಸ್ತಕದ ವಿಷಯ ಹೇಳಬೇಕು. ನನ್ನ ನೆನಪನ್ನು ನಾನು ನಂಬುವುದು ಬಿಟ್ಟು ಬಹಳ ಕಾಲವಾಯಿತು. ಬೀಗ ಹಾಕಿದೆನೇ ಎಂದು ನೋಡಲು ಎರಡು ಸಲ ಮೆಟ್ಟಿಲು ಹತ್ತುವವನು ನಾನು. ಎಲ್ಲವನ್ನೂ ಅನುಮಾನಿಸುವವನು ಮೊದಲು ತನ್ನ ತಲೆಯನ್ನು ಅನುಮಾನಿಸಬೇಕಲ್ಲವೇ? ಅದಕ್ಕೇ ಎಲ್ಲವನ್ನೂ ಬರೆದಿಡುತ್ತೇನೆ. ಬರೆದದ್ದನ್ನು ಮಾತ್ರ ಅನುಮಾನಿಸುವುದಿಲ್ಲ. (ಅಲ್ಲೇ ಎಡವಿದ್ದು.)

ಕಂಪನಿಯವನು ಪಟಪಟನೆ ಮಾತಾಡುವ ಆಸಾಮಿ. ತಾರಸಿಯ ಪಶ್ಚಿಮದ ಮೂಲೆಯ ಗೋಡೆಗೆ ಒಂದು ಏಟು ಕೊಟ್ಟು ಏನೋ ಹೇಳಿದ. (ಏಟು ಕೊಟ್ಟನೋ, ಕೈ ಇಟ್ಟನೋ, ಈಗ ಆಣೆ ಮಾಡಲಾರೆ.) ನಾನು ಕಿವಿಗೆ ಬಿದ್ದದ್ದನ್ನು ಕನ್ನಡ ಅಕ್ಷರದಲ್ಲಿ ಗೀಚಿಕೊಂಡೆ. ಕೆಳಗೆ ವದಿನ ಗೋಂಗೂರ ಚಟ್ನಿ ಕಲಸಿ ಊಟ ಹಾಕಿದರು. ರೈಲು ಹತ್ತಿ ವಿಶಾಖಪಟ್ಟಣಕ್ಕೆ ವಾಪಸಾದೆ.

ಹತ್ತು ದಿನ ಬಿಟ್ಟು ವದಿನ ಫೋನು.

“ಸಾಮಾನು ಬಂದಿದೆ ಮರಿದಿಗಾರು. ನಾಳೆ ಫಿಟ್ ಮಾಡೋಕೆ ಬೇರೆ ಮನುಷ್ಯ ಬರ್ತಾನಂತೆ. ಅವತ್ತು ಬಂದವನು ಎಲ್ಲಿಡಬೇಕು ಅಂದ?”

ನನಗೆ ಗೋಂಗೂರ ಚಟ್ನಿ ಬಿಟ್ಟು ಬೇರೇನೂ ನೆನಪಿರಲಿಲ್ಲ. ಪುಸ್ತಕ ತೆರೆದೆ. ನನ್ನದೇ ಕೈಬರಹ: ‘ಪಶ್ಚಿಮದ ಮೂಲೆ. ವೈರ್‌ಗೆ ಹತ್ತಿರ, ಸಲೀಸು. ಆದರೆ ನೀಡ.’

ನೀಡ! ಕಾಲೇಜಿನಲ್ಲಿ ಶ್ರದ್ಧೆಯಿಂದ ಕನ್ನಡ ಪಾಠ ಕೇಳಿದವನು ನಾನು. ನೀಡವೆಂದರೆ ಹಕ್ಕಿಯ ಗೂಡು. ಪದ ಸಂಸ್ಕೃತದ್ದು, ಪದ್ಯಗಳಲ್ಲಿ ಬರುವಂಥದ್ದು. ಆ ಕ್ಷಣ ನನ್ನ ಮೇಲೆ ನನಗೇ ಪ್ರೀತಿ ಉಕ್ಕಿತು. ಎಂಥ ಮನುಷ್ಯ ನಾನು! ಸುಡುವ ಬಿಸಿಲಲ್ಲಿ ನಿಂತು, ಒಂದು ಹಕ್ಕಿಯ ಗೂಡನ್ನು ಗಮನಿಸಿ, ಅದನ್ನು ಇಷ್ಟು ಚಂದದ ಪದದಲ್ಲಿ ಬರೆದುಕೊಂಡಿದ್ದೇನೆ!

“ವದಿನಾ, ಪಶ್ಚಿಮದ ಮೂಲೆಯೇ ಸರಿ. ಆದರೆ ಅಲ್ಲೊಂದು ಗೂಡಿದೆ. ಮರಿ ಹಾರಿಹೋಗುವ ತನಕ ಕಾಯಬೇಕು.”

“ಗೂಡಾ?” (ಗೂಡು ತೆಲುಗಿನಲ್ಲೂ ಗೂಡೇ. ಹಾಗಾಗಿ ಇಲ್ಲಿ ಗೊಂದಲಕ್ಕೆ ಜಾಗವಿರಲಿಲ್ಲ.) “ಇರಿ, ನೋಡಿ ಬರ್ತೀನಿ.”

ಫೋನು ಪಕ್ಕಕ್ಕಿಟ್ಟು ಮೆಟ್ಟಿಲು ಹತ್ತಿ ಇಳಿದರು. ಏದುಸಿರು ಬಿಡುತ್ತ ಹೇಳಿದರು:

“ಗೂಡೂ ಇಲ್ಲ, ಏನೂ ಇಲ್ಲ. ಒಂದು ಪಾರಿವಾಳ ಇದೆ. ಅದು ಸುಮ್ನೆ ಓಡಾಡ್ತಾ ಇದೆ.”

“ಹಾಗಾದ್ರೆ ಮರಿ ಹಾರಿಹೋಗಿವೆ. ಹಾಕಿಸಿಬಿಡಿ.”

“ಹತ್ತೇ ದಿನಕ್ಕಾ?”

“ಹಕ್ಕಿಗಳು ಬೇಗ ಬೆಳೀತವೆ ವದಿನಾ” ಎಂದೆ. ಫಿಜಿಕ್ಸ್ ಎಂ.ಎಸ್‌ಸಿ.

ಮರುದಿನ ಬೆಳಗ್ಗೆ ಒಂಬತ್ತಕ್ಕೆ ಫಿಟ್ಟರ್ ಬಂದ. ಪಶ್ಚಿಮದ ಮೂಲೆಯ ಮೇಲೆ ಬಿಸಿಲು ಧಾರಾಳವಾಗಿ ಬಿದ್ದಿತ್ತು. ಮಾತಿಲ್ಲದೆ ಬೋಲ್ಟ್ ಬಿಗಿದು, ವೈರ್ ಎಳೆದು, ಟೀ ಕುಡಿದು ಹೋದ.

ಆಮೇಲಿನದು ನಿಮಗೆ ಗೊತ್ತು, ನಾನೇ ಬರೆದಿದ್ದೇನೆ. ಕರೆಂಟ್ ಹೋದ ಕೂಡಲೇ ದೀಪ ಜಗ್ಗನೆ ಹತ್ತುತ್ತಿತ್ತು. ಒಂದು ಗಂಟೆಗೆ ಮಂಕು. ಆಮೇಲೆ ಕತ್ತಲೆ. ಕುಚ್ಚು ಅರ್ಧ ಕಟ್ಟಿದ ಹಾಗೇ ನಿಲ್ಲುತ್ತಿತ್ತು. ಅದೇ ಬೀದಿಯಲ್ಲಿ ಕುಚ್ಚು ಕಟ್ಟುವ ಇನ್ನೂ ಮೂವರು ಹೆಂಗಸರು ತಾವೂ ಕೊಳ್ಳೋಣವೆಂದು ಕಾದಿದ್ದವರು, ದಿನಾ ಸಂಜೆ ಬಂದು ದೀಪ ಆರುವುದನ್ನು ನೋಡಿ, ನಾಲಿಗೆ ಲೊಚಗುಟ್ಟಿ ಹೋಗುತ್ತಿದ್ದರು. ಕಂಪನಿಯವರೇನೂ ಮೋಸಗಾರರಲ್ಲ. ತಿಂಗಳೊಳಗೆ ಬೇಡವೆಂದರೆ ವಾಪಸ್ ಒಯ್ಯುತ್ತೇವೆ ಎಂದು ಮೊದಲೇ ಹೇಳಿದ್ದರು. ವದಿನ ವಾಪಸ್ ಕೊಡಲು ತೀರ್ಮಾನಿಸಿದರು. “ಸೋಮವಾರ ಅವರು ಬರ್ತಾರೆ. ಅವರ ಹತ್ತಿರ ಮಾತಾಡೋಕೆ ನೀವು ಎರಡು ದಿನ ಮೊದಲೇ ಬನ್ನಿ ಮರಿದಿಗಾರು” ಎಂದರು. ದನಿ ಸಣ್ಣದಾಗಿತ್ತು. ಆ ದೀಪವನ್ನು ನಂಬಿ ಅವರು ಅಂಗಡಿಯಿಂದ ಎಂದಿಗಿಂತ ದೊಡ್ಡ ಗಂಟು ಒಪ್ಪಿಕೊಂಡಿದ್ದರು.

ನಾನು? ನಾನು ಖುಷಿಯಾಗಿಯೇ ರೈಲು ಹತ್ತಿದೆ. ನಾಚಿಕೆಯಾದರೂ ಹೇಳುತ್ತೇನೆ. ‘ನಾನು ಹೇಳಿರಲಿಲ್ಲವೇ’ ಎನ್ನುವುದನ್ನು ಎಷ್ಟು ವಿನಯದಿಂದ ಹೇಳಬಹುದು ಎಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಿದೆ.

ಶನಿವಾರ ಮಧ್ಯಾಹ್ನ ಎರಡು ಗಂಟೆ. (ಸರಳ ಶುಕ್ರವಾರ ಎನ್ನುತ್ತಾಳೆ. ಇರಲಿ.) ವದಿನ ತಾರಸಿಯ ಮೇಲೆ ವಡಿಯಾಲು ತಿರುವಿ ಹಾಕುತ್ತಿದ್ದರು. ವಡಿಯಾಲು ಎಂದರೆ ನಮ್ಮ ಸಂಡಿಗೆ. ಪೂರ್ವದ ಕಡೆ ಎರಡು ಹಳೇ ಪಂಚೆ ಹಾಸಿ, ಕಾಲಿಡಲು ಜಾಗವಿಲ್ಲದಂತೆ ಇಟ್ಟಿದ್ದರು. ಮೂರನೆಯ ಪಂಚೆಗೆ ಜಾಗವಿರಲಿಲ್ಲ. ನಾನು ಸಹಾಯ ಮಾಡೋಣವೆಂದು ಅದನ್ನು ಎತ್ತಿಕೊಂಡು ಫಲಕದ ಪಕ್ಕದಲ್ಲಿ ಬೇಕಾದಷ್ಟು ಖಾಲಿ ಇದ್ದ ಕಡೆ ಹಾಸಲು ಹೋದೆ.

“ಅಯ್ಯಯ್ಯೋ, ಅಕ್ಕಡ ವದ್ದು ಮರಿದಿಗಾರು! ಅಕ್ಕಡ ನೀಡ ಕದಾ!”

ಅಲ್ಲಿ ಬೇಡ, ಅಲ್ಲಿ ನೀಡ ಅಲ್ಲವೇ!

ಪಂಚೆ ಹಿಡಿದುಕೊಂಡೇ ನಿಂತೆ. ಹದಿನಾರು ವರ್ಷದಿಂದ ಆಂಧ್ರದಲ್ಲಿದ್ದೇನೆ. ತೆಲುಗಿನಲ್ಲಿ ನೀಡ ಎಂದರೆ ನೆರಳು ಎಂದು ನನಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ಬಸ್‌ ಸ್ಟಾಪಿನಲ್ಲಿ ದಿನಾ ಆ ಪದ ಬಳಸಿ ಪಕ್ಕಕ್ಕೆ ಸರಿಯುತ್ತೇನೆ. ಆದರೆ ನನ್ನ ಕಿವಿ ತೆಲುಗು, ಕಣ್ಣು ಕನ್ನಡ. ಕೇಳಿದಾಗ ನೆರಳಾಗಿದ್ದದ್ದು, ಬರೆದಿಟ್ಟು ಹತ್ತು ದಿನ ಬಿಟ್ಟು ಓದಿದಾಗ ಗೂಡಾಯಿತು.

ತಲೆ ಎತ್ತಿ ನೋಡಿದೆ. ಪಕ್ಕದ ಮನೆಯ ಮೆಟ್ಟಿಲ ಕೋಣೆಯ ನೆರಳು ನಮ್ಮ ಫಲಕದ ಮೇಲೆ, ಅಂಚಿಗೆ ಅಂಚು ಸೇರಿಸಿ ಹೊದಿಸಿದ ಕಂಬಳಿಯಂತೆ ಬಿದ್ದಿತ್ತು.

“ದಿನಾ ಹೀಗೇನಾ ವದಿನಾ?”

“ಹನ್ನೆರಡಾದರೆ ಸಾಕು. ಸಾಯಂಕಾಲದ ತನಕ.”

“ನೀವು ಹೇಳಲೇ ಇಲ್ಲ?”

“ನೀವು ಕೇಳಲಿಲ್ಲ. ನೀವು ಹಕ್ಕಿ ವಿಷಯ ಕೇಳಿದಿರಿ.” ಒಂದು ಸಂಡಿಗೆ ತಿರುವಿ ಹಾಕಿ ಮುಂದುವರಿಸಿದರು: “ವಡಿಯಾಲಾಗಿದ್ದರೆ ನಾನೇ ಹೇಳ್ತಿದ್ದೆ. ಇದು ಮಿಷನ್ನು. ಇದಕ್ಕೆ ಬೇರೆ ಥರ ಬಿಸಿಲು ಬೇಕೇನೋ, ಓದಿದವರು ನೋಡಿರ್ತಾರೆ ಅಂದುಕೊಂಡೆ.”

ಚೀಲದಿಂದ ಪುಸ್ತಕ ತೆಗೆದು ನನ್ನ ತಪ್ಪನ್ನು ತೋರಿಸಿದೆ. ಕನ್ನಡ ಲಿಪಿಯೂ ತೆಲುಗು ಲಿಪಿಯೂ ಅಕ್ಕತಂಗಿಯರಲ್ಲವೇ? ವದಿನ ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಅಕ್ಷರ ಕೂಡಿಸಿ ಓದಿದರು.

“ನೀ... ಡ. ನೀಡ! ಇಲ್ಲೇ ಬರೆದಿದೀರಲ್ಲ ಮರಿದಿಗಾರು! ಎಷ್ಟು ಸರಿಯಾಗಿ ಬರೆದಿದೀರಿ!”

ಕನ್ನಡ ಬಾರದ ಅವರಿಗೆ ನನ್ನ ಕನ್ನಡ ಸರಿಯಾಗಿ ಓದಲು ಬಂತು. ನನಗೆ ಬರಲಿಲ್ಲ.

ಭಾನುವಾರ ಬೆಳಗ್ಗೆ ಫಿಟ್ಟರನ್ನು ಕಾಡಿ ಬೇಡಿ ಕರೆಸಿದೆವು. ಫಲಕ ಪೂರ್ವಕ್ಕೆ ಬರಬೇಕೆಂದರೆ ಸಂಡಿಗೆ ಜಾಗ ಬಿಟ್ಟುಕೊಡಬೇಕು. ಅಲ್ಲೊಂದು ಭಾರಿ ಮಾತುಕತೆ ನಡೆಯಿತು.

“ಇನ್ನೊಂದು ಅಡಿ ಈ ಕಡೆ ಅಮ್ಮಾ.”

“ಅರ್ಧ ಅಡಿ. ಮಿನಪ ವಡಿಯಾಲು ಎಲ್ಲಿಡಲಿ? ನಿನ್ನ ತಲೆ ಮೇಲಾ?”

ಕೊನೆಗೆ ಉದ್ದಿನ ಸಂಡಿಗೆಗೂ ಸೂರ್ಯಶಕ್ತಿಗೂ ಮುಕ್ಕಾಲು ಅಡಿಯ ಮೇಲೆ ರಾಜಿಯಾಯಿತು. ವೈರ್ ಸ್ವಲ್ಪ ಹೆಚ್ಚು ಹಿಡಿಯಿತು, ಅಷ್ಟೆ.

ಅಂದು ಸಂಜೆ ಆರಕ್ಕೆ ಕರೆಂಟ್ ಹೋಯಿತು. (ಕರೆಂಟ್ ಹೋಗಲಿ ಎಂದು ನಾನು ಜೀವನದಲ್ಲಿ ಹಾರೈಸಿದ್ದು ಅದೊಂದೇ ದಿನ.) ದೀಪ ಹತ್ತಿತು. ವದಿನ ಸೆರಗು ಎಳೆದುಕೊಂಡು ಕೂತರು. ಬೀದಿಯ ಮೂವರೂ ಬಂದರು, ಎಂದಿನಂತೆ ಆರುವುದನ್ನು ನೋಡಲು. ಏಳಾಯಿತು. ಆರಲಿಲ್ಲ. ಏಳೂವರೆಗೆ ಅವರಲ್ಲೊಬ್ಬಾಕೆ ಎದ್ದು ಹೋಗಿ ತನ್ನ ಮನೆಯ ಸೀರೆಯನ್ನೇ ತಂದು ಪಕ್ಕದಲ್ಲಿ ಕೂತಳು. ಮಾತು ಎಲ್ಲೆಲ್ಲಿಗೋ ಹೋಯಿತು, ಯಾರದೋ ಮಗಳ ಸಂಬಂಧ, ಯಾರದೋ ಬಳೆ. ಹೊರಗೆ ಬೀದಿ ದೀಪ ಹತ್ತಿ ಎಷ್ಟು ಹೊತ್ತಾಗಿತ್ತೋ, ಕರೆಂಟ್ ಬಂದದ್ದನ್ನು ಒಳಗಿದ್ದವರು ಯಾರೂ ಗಮನಿಸಲಿಲ್ಲ.

ಸೋಮವಾರ ವಾಪಸ್ ಒಯ್ಯಲು ಬಂದವರಿಗೆ ವದಿನ ಟೀ ಕೊಟ್ಟು ಕಳಿಸಿದರು. ಗಂಟು ಹೇಳಿದ ದಿನಕ್ಕೆ ಅಂಗಡಿ ಸೇರಿತು. ನನ್ನ ಹೆಂಡತಿ ಮಾತ್ರ ನಾನು ಮನೆಗೆ ಕಾಲಿಟ್ಟ ಕೂಡಲೇ ಕೇಳಿದಳು: “ಏವಂಡಿ, ಮರಿಗಳು ಆರೋಗ್ಯವಾಗಿವೆಯಾ?”

ಸೋಲಾರ್ ದುಬಾರಿ ಎಂದು ನಾನು ಬರೆದದ್ದು ಸುಳ್ಳಲ್ಲ. ಈಗಿನ ಬೆಲೆಗೆ ದುಬಾರಿಯೇ. ಬ್ಯಾಂಕು ಬಡ್ಡಿ ಇಳಿಸಲಿ, ಸರ್ಕಾರ ಸಬ್ಸಿಡಿಯ ಫಾರಂ ಮನುಷ್ಯರಿಗೆ ಅರ್ಥವಾಗುವಂತೆ ಅಚ್ಚು ಹಾಕಿಸಲಿ. ಆದರೆ ಮಧ್ಯಾಹ್ನದ ಬಿಸಿಲನ್ನು ಪಕ್ಕದ ಮನೆಗೆ ಬಿಟ್ಟುಕೊಟ್ಟ ಫಲಕದ ಬೆಲೆ ತಾನಾಗಿಯೇ ದುಪ್ಪಟ್ಟಾಗುತ್ತದಲ್ಲ, ಅದನ್ನು ಯಾವ ಸಬ್ಸಿಡಿ ತುಂಬಿಕೊಡುತ್ತದೆ? ಕಂಪನಿಯವರು ತಾರಸಿ ನೋಡಿದರು, ನಾನು ನೋಡಿದೆ, ಫಿಟ್ಟರ್ ನೋಡಿದ. ಮೂವರೂ ಗಂಡಸರು. ಆ ತಾರಸಿಯ ಮೇಲೆ ಇಪ್ಪತ್ತು ಬೇಸಿಗೆ ಸಂಡಿಗೆ ಒಣಗಿಸಿದವರು ಕೆಳಗೆ ನಮಗೆ ಅಡುಗೆ ಮಾಡುತ್ತಿದ್ದರು.

ಫಿಟ್ಟರ್ ನನಗಿಂತ ಬುದ್ಧಿವಂತ. ಬೀದಿಯ ಆ ಮೂರೂ ಮನೆಗಳಿಗೆ ಈಗ ಅವನೇ ಹಾಕುತ್ತಿದ್ದಾನೆ. ಬಾಗಿಲಲ್ಲೇ ನಿಂತು ಮೊದಲು ಕೇಳುವುದು ಒಂದೇ ಮಾತಂತೆ: “ಅಮ್ಮಾ, ವಡಿಯಾಲು ಎಲ್ಲಿ ಒಣಗಿಸ್ತೀರಿ?”

ಅದಿರಲಿ, ಮಧ್ಯಾಹ್ನ ಮೂರಕ್ಕೆ ನಿಮ್ಮ ತಾರಸಿಯಲ್ಲಿ ಬಿಸಿಲು ಎಲ್ಲಿರುತ್ತದೆ ಎಂದು ನಿಮಗೆ ಗೊತ್ತೇ, ಇಲ್ಲ ಒಳಗೆ ಹೋಗಿ ಕೇಳಿಕೊಂಡು ಬರುತ್ತೀರಾ?